ಮುಟ್ಟದೆ ಬೆಳೆಯುವ ಗೆರೆ

ನೆರಿಗೆ ಲಂಗ ಹೊಲಿಯುವವರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಸೊಂಟದ ಪಟ್ಟಿ ಮುಕ್ಕಾಲು ಮೀಟರು, ಅದಕ್ಕೆ ಕೂಡಿಸಬೇಕಾದ ಬಟ್ಟೆ ಮೂರು ಮೀಟರು. ಪಟ್ಟಿ ಹಿಗ್ಗುವಂತಿಲ್ಲ, ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಎಸೆಯುವಂತಿಲ್ಲ. ಹಾಗಾಗಿ ಬಟ್ಟೆ ಮೇಲೆದ್ದು ಮಡಿಯುತ್ತದೆ, ಒಂದು ಮಡಿಕೆಯ ಮಗ್ಗುಲಿಗೆ ಇನ್ನೊಂದು ಬಂದು ಕೂರುತ್ತದೆ. ಆ ನೆರಿಗೆಗಳನ್ನು ಬಟ್ಟೆಯ ಮೇಲೆ ಯಾರೂ ಬರೆದಿರಲಿಲ್ಲ. ಎರಡು ಉದ್ದಗಳ ನಡುವಿನ ವ್ಯತ್ಯಾಸವೇ ನೆರಿಗೆಯಾಯಿತು. ಹಿತ್ತಲಿನ ಕೋಳಿಜುಟ್ಟು ಹೂವಿನ ಅಂಚಿನಲ್ಲಿ, ನಮ್ಮ ಮಿದುಳಿನ ಮೇಲ್ಮೈಯಲ್ಲಿ, ಹೊಟ್ಟೆಯೊಳಗೆ ಸುತ್ತಿಕೊಂಡ ಕರುಳಿನಲ್ಲಿ ಕಾಣುವುದೂ ಇದೇ ಬಗೆಯ ಲೆಕ್ಕ. ಇದನ್ನು ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಒಂದು ಗೆರೆಯಿಂದ ಮಾಡಿಸಿ ನೋಡಬಹುದು. ಆ ಗೆರೆ ಉದ್ದವಾಗುತ್ತಲೇ ಹೋಗಬೇಕು, ಆದರೆ ಎಲ್ಲಿಯೂ ತನ್ನನ್ನು ತಾನು ಮುಟ್ಟಬಾರದು. ಪ್ಯಾರಾಮೆಟ್ರಿಕ್ ವಿನ್ಯಾಸದ ಸಾಫ್ಟ್‌ವೇರ್ ಕಲಿಯುವ ಬಹಳ ಮಂದಿ ಒಂದಲ್ಲ ಒಂದು ದಿನ ಈ ಅಭ್ಯಾಸಕ್ಕೆ ಕೈಹಾಕುತ್ತಾರೆ. ಕೊನೆಗೆ ಸಿಗುವ ಚಿತ್ತಾರ ಮೋಹಕವಾಗಿರುವುದರಿಂದ ಎಲ್ಲರ ಕಣ್ಣೂ ಅಲ್ಲಿಯೇ ನಿಲ್ಲುತ್ತದೆ. ನನಗೆ ಮುಖ್ಯವೆನಿಸುವುದು ಆ ಚಿತ್ತಾರವಲ್ಲ. ಆಕಾರವನ್ನು ಕಂಡಾಗ ಅದು ಹೀಗಾದದ್ದು ಏಕೆಂದು ಕೇಳುವ ಕಣ್ಣನ್ನು ಈ ಗೆರೆ ಕೊಡುತ್ತದೆ. ಅದಕ್ಕೆ ಒಂದೇ ಷರತ್ತು: ಅದರ ನಿಯಮಗಳನ್ನು ಕಲಿಯುವವರು ಸ್ವತಃ ಕಟ್ಟಬೇಕು.

ಪ್ಯಾರಾಮೆಟ್ರಿಕ್ ಎಂಬ ಪದ ಭಾರವಾಗಿ ಕೇಳಿಸಿದರೂ ಒಳಗಿನ ವಿಚಾರ ಸರಳ. ಆಕಾರವನ್ನು ನೇರವಾಗಿ ಎಳೆಯುವ ಬದಲು ಅದು ಹುಟ್ಟುವ ಸಂಬಂಧಗಳನ್ನು ಬರೆದಿಡುತ್ತೇವೆ. ಒಂದು ಅಳತೆ ಬದಲಾದರೆ ಉಳಿದದ್ದೆಲ್ಲ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಇದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಬಾರ್ಸಿಲೋನಾದ ಬಳಿಯ ಕೊಲೊನಿಯಾ ಗ್ವೆಲ್ ಚರ್ಚನ್ನು ಯೋಜಿಸುವಾಗ ಆಂಟೊನಿ ಗೌಡಿ ದಾರಗಳ ಬಲೆಯನ್ನು ತೂಗುಬಿಟ್ಟು, ಅದಕ್ಕೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿದ್ದರು. ಒಂದು ಚೀಲದ ತೂಕ ಬದಲಿಸಿದರೆ ಇಡೀ ಬಲೆ ಹೊಸ ರೂಪಕ್ಕೆ ಇಳಿಯುತ್ತಿತ್ತು. ಆ ರೂಪವನ್ನು ತಲೆಕೆಳಗು ಮಾಡಿದರೆ ಕಲ್ಲಿನ ಕಮಾನು ಹೇಗಿರಬೇಕೆಂದು ತಿಳಿಯುತ್ತಿತ್ತು. ಇಂದು ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಸಾಧನಗಳಲ್ಲಿ ಗ್ರಾಸ್‌ಹಾಪರ್ ಒಂದು. ಡೇವಿಡ್ ರಟ್ಟನ್ ಅದನ್ನು ರೈನೋ ಎಂಬ ಮೂರು ಆಯಾಮದ ವಿನ್ಯಾಸ ಸಾಫ್ಟ್‌ವೇರಿಗೆಂದು ರೂಪಿಸಿದರು. 2007ರಲ್ಲಿ ಬೇರೊಂದು ಹೆಸರಿನಲ್ಲಿ ಹೊರಬಂದ ಅದು 2018ರ ರೈನೋ 6ರ ಹೊತ್ತಿಗೆ ರೈನೋದ ಒಳಗೇ ಸೇರಿತು. ಅದರಲ್ಲಿ ಕೋಡ್ ಬರೆಯಲೇಬೇಕೆಂದಿಲ್ಲ. ಒಂದೊಂದು ಕೆಲಸಕ್ಕೂ ಒಂದೊಂದು ಪೆಟ್ಟಿಗೆಯಿದ್ದು, ಅವನ್ನು ವೈರುಗಳಿಂದ ಜೋಡಿಸುತ್ತ ಹೋಗಬೇಕು. ಹೀಗೆ ಜೋಡಿಸಿದ ಇಡೀ ಜಾಲಕ್ಕೆ ಬಳಸುವವರು ಡೆಫಿನಿಷನ್ ಎನ್ನುತ್ತಾರೆ.

ಬೆಳೆಯುವ ಗೆರೆಗೆ ಬೇಕಾದ ನಿಯಮಗಳು ಕೈಬೆರಳಲ್ಲಿ ಎಣಿಸುವಷ್ಟು. ಒಂದು ವೃತ್ತದ ಮೇಲೆ ಇಪ್ಪತ್ತು ಬಿಂದುಗಳಿವೆ ಎಂದುಕೊಳ್ಳಿ. ಪ್ರತಿ ಬಿಂದು ತನ್ನ ಹಿಂದಿನ ಮತ್ತು ಮುಂದಿನ ಬಿಂದುವಿಗೆ ಸ್ಪ್ರಿಂಗಿನಿಂದ ಕಟ್ಟಿದಂತಿರುತ್ತದೆ, ತೀರಾ ದೂರ ಹೋಗಲಾರದು. ಅದೇ ಬಿಂದು, ಗೊತ್ತಾದ ಅಂತರದೊಳಗೆ ಬಂದ ಬೇರಾವುದೇ ಬಿಂದುವನ್ನು ಹಿಂದಕ್ಕೆ ತಳ್ಳುತ್ತದೆ. ಗೆರೆ ಗರಗಸದ ಹಲ್ಲಿನಂತೆ ಮೊನಚಾಗದಿರಲೆಂದು ಪ್ರತಿ ಬಿಂದುವನ್ನೂ ಅಕ್ಕಪಕ್ಕದ ಎರಡರ ನಡುಮಧ್ಯಕ್ಕೆ ತುಸು ಎಳೆಯಲಾಗುತ್ತದೆ. ಎರಡು ಬಿಂದುಗಳ ನಡುವಿನ ಅಂತರ ಮಿತಿ ಮೀರಿದರೆ ಅಲ್ಲಿ ಹೊಸ ಬಿಂದುವೊಂದು ಹುಟ್ಟುತ್ತದೆ. ಇಷ್ಟನ್ನೇ ಸಾವಿರಾರು ಸಲ ಮರಳಿ ಮಾಡಿಸಿದರೆ ನುಣ್ಣಗಿದ್ದ ವೃತ್ತ ಅಲುಗಿ, ಅಂಕುಡೊಂಕಾಗಿ, ಕೊನೆಗೆ ಮಿದುಳು ಹವಳವೆಂದು ಕರೆಯುವ ಕಡಲಜೀವಿಯ ಮೈಯಂತೆ ಓಣಿ ಓಣಿಯಾಗಿ ಜಾಗವನ್ನೆಲ್ಲ ತುಂಬುತ್ತದೆ. ಮಡಿಕೆ ಬರಲಿ ಎಂದು ಯಾವ ನಿಯಮವೂ ಹೇಳಿಲ್ಲ. 10 ಸೆಂಟಿಮೀಟರ್ ಸುತ್ತಳತೆಯ ಗೆರೆ ಹತ್ತು ಸಲ ಇಮ್ಮಡಿಯಾದರೆ 102 ಮೀಟರು ದಾಟುತ್ತದೆ. ಅಷ್ಟು ಉದ್ದ ವೃತ್ತವಾಗಿಯೇ ಉಳಿಯಬೇಕಾದರೆ ಸುಮಾರು 33 ಮೀಟರ್ ಅಗಲದ ಬಯಲು ಬೇಕು. ಅಂಗೈಯಗಲದ ಜಾಗದಲ್ಲಿ ಅದಕ್ಕೆ ಮಡಿಯದೆ ಬೇರೆ ದಾರಿಯೇ ಇಲ್ಲ.

ಕಲಿಕೆ ನಿಜವಾಗಿ ನಡೆಯುವುದು ಗೆರೆ ಕೆಟ್ಟಾಗ. ಮೊದಲ ಪ್ರಯತ್ನದಲ್ಲಿ ವೃತ್ತ ಬರೀ ದೊಡ್ಡ ವೃತ್ತವಾಗುತ್ತದೆ, ಒಂದು ಸುಕ್ಕೂ ಬೀಳುವುದಿಲ್ಲ. ಎಲ್ಲ ಬಿಂದುಗಳ ಮೇಲೂ ಒಂದೇ ಸಮನಾದ ಬಲ ಬಿದ್ದಾಗ ಯಾವ ಬಿಂದುವಿಗೂ ಸಾಲಿನಿಂದ ಸರಿಯಲು ಕಾರಣವಿರುವುದಿಲ್ಲ. ಎಲ್ಲೋ ಒಂದು ಬಿಂದುವನ್ನು ಕೂದಲೆಳೆಯಷ್ಟು ಸರಿಸಿದರೆ, ಇಲ್ಲವೇ ಹೊಸ ಬಿಂದುಗಳು ಅಲ್ಲೊಂದು ಇಲ್ಲೊಂದು ಹುಟ್ಟುವಂತೆ ಮಾಡಿದರೆ ಸುಕ್ಕು ಶುರುವಾಗುತ್ತದೆ. 1952ರಲ್ಲಿ ಅಲನ್ ಟ್ಯೂರಿಂಗ್ ಜೀವಿಗಳ ರೂಪ ಹುಟ್ಟುವ ಬಗೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಚರ್ಚಿಸಿದ್ದು ಇಂಥದೇ ಪ್ರಶ್ನೆಯನ್ನು: ಎಲ್ಲ ಕಡೆಯೂ ಒಂದೇ ತೆರನಾಗಿದ್ದದ್ದು ಬೇರೆಬೇರೆಯಾಗುವುದು ಹೇಗೆ? ಸಣ್ಣ ಏರುಪೇರೇ ಬೆಳೆದು ವಿನ್ಯಾಸವಾಗಬಲ್ಲದು ಎಂದು ಅವರು ಗಣಿತದಿಂದ ತೋರಿಸಿದರು. ಪುಸ್ತಕದಲ್ಲಿ ಓದಿದರೆ ಇದು ಒಂದು ವಾಕ್ಯ. ಅಲುಗದೆ ಕುಳಿತ ವೃತ್ತದ ಮುಂದೆ ಗಂಟೆಗಟ್ಟಲೆ ಕುಳಿತವರಿಗೆ ಇದು ಅನುಭವ.

ಮುಂದಿನ ತೊಡಕು ಡಿಕ್ಕಿಯದು. ಮುಟ್ಟಬಾರದೆಂದು ನಿಯಮವಿದ್ದರೂ ಗೆರೆಯ ಒಂದು ಮಡಿಕೆ ಇನ್ನೊಂದರೊಳಗೆ ನುಗ್ಗಿ ಆಚೆ ಬರುತ್ತದೆ. ಕಾರಣ ಹುಡುಕಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಸಿಗುತ್ತದೆ. ತಳ್ಳುವುದು ಬಿಂದುಗಳು, ಗೆರೆಯಲ್ಲ. ಹಾಗಾಗಿ ಬಿಂದುಗಳ ನಡುವಿನ ಅಂತರಕ್ಕಿಂತ ತಳ್ಳುವ ವ್ಯಾಪ್ತಿ ಸಾಕಷ್ಟು ದೊಡ್ಡದಿರದಿದ್ದರೆ, ಗೂಟಗಳು ವಿರಳವಾದ ಬೇಲಿಯಲ್ಲಿ ಆಡು ನುಗ್ಗುವಂತೆ ಎದುರಿನ ಬಿಂದು ನಡುವೆ ತೂರುತ್ತದೆ. ಇನ್ನೊಂದು, ಹೆಜ್ಜೆಯ ಅಳತೆ. ಕಂಪ್ಯೂಟರಿನಲ್ಲಿ ಚಲನೆ ಹರಿಯುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿ ಜಿಗಿಯುತ್ತದೆ. ಒಂದು ಜಿಗಿತ ಎರಡು ಮಡಿಕೆಗಳ ನಡುವಿನ ಸಂದಿಗಿಂತ ದೊಡ್ಡದಾದರೆ ಬಿಂದು ಗೆರೆಯನ್ನು ದಾಟಿಯೇ ಬಿಟ್ಟಿರುತ್ತದೆ, ತಡೆಯುವ ಗಳಿಗೆಯೇ ಬಂದಿರುವುದಿಲ್ಲ. ಇದರ ಬೆನ್ನಿಗೇ ವೇಗದ ಪ್ರಶ್ನೆ ಏಳುತ್ತದೆ. ಪ್ರತಿ ಬಿಂದುವೂ ಉಳಿದೆಲ್ಲ ಬಿಂದುಗಳ ದೂರ ಅಳೆಯಬೇಕೆಂದರೆ 1,000 ಬಿಂದುಗಳಿಗೆ 4,99,500 ಜೋಡಿಗಳಾದವು. 10,000 ಬಿಂದುಗಳಿಗೆ ಹೆಚ್ಚುಕಡಿಮೆ 5 ಕೋಟಿ, ಅದೂ ಒಂದೊಂದು ಹೆಜ್ಜೆಗೂ. ಬಿಂದುಗಳು ಹತ್ತು ಪಟ್ಟಾದರೆ ಕೆಲಸ ನೂರು ಪಟ್ಟು. ಪರದೆಯನ್ನು ಚೌಕಚೌಕವಾಗಿ ವಿಂಗಡಿಸಿ, ಪ್ರತಿ ಬಿಂದುವೂ ತನ್ನ ಚೌಕ ಮತ್ತು ಅದರ ಸುತ್ತಲಿನ ಚೌಕಗಳನ್ನಷ್ಟೇ ನೋಡಿಕೊಂಡರೆ ಸಾಕೆಂಬ ಉಪಾಯ ಆಗ ಹೊಳೆಯಬೇಕು. ಯಾರೋ ಮಾಡಿಟ್ಟ ಡೆಫಿನಿಷನ್ ತಂದು ಅಳತೆ ಬದಲಿಸುವ ಸ್ಲೈಡರ್ ಎಳೆದಾಡುವವರಿಗೆ ಈ ಯಾವ ಗಂಟೂ ಎದುರಾಗುವುದಿಲ್ಲ. ಎದುರಾಗದ್ದನ್ನು ಬಿಡಿಸಲು ಅವರು ಕಲಿಯುವುದೂ ಇಲ್ಲ.

ಗ್ರಾಸ್‌ಹಾಪರಿನ ಒಂದು ಗುಣ ಇಲ್ಲಿ ಅಡ್ಡ ಬಂದು ಉಪಕಾರ ಮಾಡುತ್ತದೆ. ಅದರಲ್ಲಿ ಮಾಹಿತಿ ಎಡದಿಂದ ಬಲಕ್ಕೆ ಹರಿಯುತ್ತದೆ. ಒಂದು ಪೆಟ್ಟಿಗೆಯ ಫಲವನ್ನು ತಿರುಗಿಸಿ ಅದೇ ಪೆಟ್ಟಿಗೆಗೆ ಉಣಿಸಲು ಹೋದರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಬೆಳವಣಿಗೆ ಎಂದರೆ ಅದೇ ತಾನೆ: ನಿನ್ನೆಯ ಫಲ ಇಂದಿನ ಬೀಜವಾಗುವುದು. ಹಾಗಾಗಿ ಕಲಿಯುವವರು ಫಲವನ್ನು ಮರಳಿ ಉಣಿಸುವ ಅನೆಮೋನ್‌ನಂಥ ಲೂಪ್ ಪ್ಲಗಿನ್ ತರಬೇಕು, ಡೇನಿಯಲ್ ಪೈಕರ್ ರೂಪಿಸಿದ ಕಾಂಗರೂವಿನಂಥ ಬಲಗಳ ಲೆಕ್ಕದ ಸಾಧನಕ್ಕೆ ಹೋಗಬೇಕು, ಇಲ್ಲವೇ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆಯಬೇಕು. ಲೆಕ್ಕ ಹಾಕಿ ತೆಗೆಯುವ ಆಕಾರಕ್ಕೂ ಕಾಲದಲ್ಲಿ ಬೆಳೆಯುವ ಆಕಾರಕ್ಕೂ ಇರುವ ವ್ಯತ್ಯಾಸವನ್ನು ಈ ಅಡ್ಡಿಗಿಂತ ಚೆನ್ನಾಗಿ ಹೇಳಿಕೊಡುವ ಪಾಠ ನನಗೆ ತಿಳಿದಿಲ್ಲ. ವೃತ್ತಕ್ಕೆ ಚರಿತ್ರೆಯಿಲ್ಲ, ತ್ರಿಜ್ಯ ಕೊಟ್ಟರೆ ಬಂದುಬಿಡುತ್ತದೆ. ಬೆಳೆದ ಗೆರೆಯ ಸಾವಿರನೇ ರೂಪಕ್ಕೆ 999ನೆಯದರ ಮೂಲಕವೇ ಹೋಗಬೇಕು.

ಇಷ್ಟಕ್ಕೆ ಬರುವ ಗಂಭೀರವಾದ ಆಕ್ಷೇಪ ವಿಜ್ಞಾನದ ಕಡೆಯಿಂದ. ಮಿದುಳಿನಂತೆ ಕಂಡ ಮಾತ್ರಕ್ಕೆ ಅದು ಮಿದುಳು ಬೆಳೆಯುವ ಬಗೆಯಾಯಿತೇ? ಮಿದುಳಿನಲ್ಲಿ ಬಿಂದುಗಳಿಲ್ಲ, ಸ್ಪ್ರಿಂಗುಗಳಿಲ್ಲ, ದೂರದಿಂದಲೇ ತಳ್ಳುವ ಬಲವೂ ಇಲ್ಲ. ಈ ಆಕ್ಷೇಪ ಸರಿಯಾದದ್ದು, ಅದನ್ನು ಅರ್ಧಂಬರ್ಧ ಒಪ್ಪಿಕೊಂಡರೆ ಸಾಲದು. ಹೋಲಿಕೆ ಸಾಕ್ಷ್ಯವಲ್ಲ. ಇಂಥ ನಿಯಮಗಳಿಂದ ಇಂಥ ಆಕಾರ ಬರಬಲ್ಲದು ಎಂದಷ್ಟೇ ಗೆರೆ ಹೇಳುತ್ತದೆ. ನಿಸರ್ಗ ಅದೇ ದಾರಿ ಹಿಡಿದಿದೆಯೇ ಎಂದು ತಿಳಿಯಲು ನಿಸರ್ಗವನ್ನೇ ಕೇಳಬೇಕು. ಕೇಳಿದವರಿದ್ದಾರೆ. ಹಾರ್ವರ್ಡ್‌ನಲ್ಲಿ ಎಲ್. ಮಹದೇವನ್, ಕ್ಲಿಫರ್ಡ್ ಟ್ಯಾಬಿನ್ ಮತ್ತು ಸಂಗಡಿಗರು ಕೋಳಿಮರಿಯ ಭ್ರೂಣದ ಕರುಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಕರುಳು ತೆಳುಪೊರೆಯೊಂದಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಕರುಳು ಬೇಗ ಉದ್ದವಾಗುತ್ತದೆ, ಪೊರೆ ನಿಧಾನ. ಇದು ಲಂಗದ ಪಟ್ಟಿಯ ಲೆಕ್ಕವೇ. ಆದರೆ ಅವರು ಹೋಲಿಕೆಗೆ ನಿಲ್ಲಲಿಲ್ಲ. ಪೊರೆಯನ್ನು ಕತ್ತರಿಸಿ ಬೇರ್ಪಡಿಸಿದಾಗ ಸುರುಳಿಯಾಗಿದ್ದ ಕರುಳು ನೆಟ್ಟಗಾಯಿತು, ಪೊರೆ ಕುಗ್ಗಿತು. ಎಳೆದು ಹಿಡಿದ ರಬ್ಬರ್ ಹಾಳೆಗೆ ರಬ್ಬರ್ ಕೊಳವೆಯನ್ನು ಹೊಲಿದು ಬಿಟ್ಟಾಗ ಅದೂ ಕರುಳಿನಂತೆಯೇ ಸುತ್ತಿಕೊಂಡಿತು. 2016ರಲ್ಲಿ ಫಿನ್‌ಲೆಂಡಿನ ತುಓಮಸ್ ಟಾಲಿನೆನ್, ಮಹದೇವನ್ ಮುಂತಾದವರು 22 ವಾರಗಳ ಮಾನವ ಭ್ರೂಣದ ನುಣುಪಾದ ಮಿದುಳಿನ ಆಕಾರವನ್ನು ಜೆಲ್‌ನಲ್ಲಿ ಎರಕ ಹೊಯ್ದು, ಮೇಲೊಂದು ತೆಳು ಪದರ ಬಳಿದು ದ್ರಾವಕದಲ್ಲಿ ಇಳಿಸಿದರು. ಹೊರಪದರ ಉಬ್ಬಿತು, ಒಳಗಿನದು ಉಬ್ಬಲಿಲ್ಲ. ನಿಜವಾದ ಮಿದುಳಿನದಕ್ಕೆ ಹತ್ತಿರವಾದ ಮಡಿಕೆಗಳು ಮೂಡಿದವು.

ಈ ಪ್ರಯೋಗಗಳನ್ನು ಪರದೆಯ ಗೆರೆಗೆ ಮೆರುಗು ಕೊಡಲೆಂದು ಹೇಳುತ್ತಿಲ್ಲ. ಎರಡಕ್ಕೂ ಬೇಕಾಗುವ ಪ್ರಶ್ನೆ ಒಂದೇ ಎಂಬುದು ನನ್ನ ಮಾತು: ಯಾವುದು ಬೇಗ ಬೆಳೆಯಿತು, ಯಾವುದು ಅದನ್ನು ಹಿಡಿದಿಟ್ಟಿತು? ಸ್ಕಾಟ್ಲೆಂಡಿನ ಡಾರ್ಸಿ ಥಾಂಪ್ಸನ್ 1917ರ ತಮ್ಮ ಗ್ರಂಥದಲ್ಲಿ ಜೀವಿಗಳ ಆಕಾರವನ್ನು ಬಲಗಳ ಗುರುತಾಗಿ ಓದಬೇಕೆಂದು ವಾದಿಸಿದ್ದರು. ಅವರ ಕಾಲದಲ್ಲಿ ಆ ಓದಿಗೆ ಅಪಾರ ಗಣಿತ ಬೇಕಿತ್ತು. ಈಗ ಸ್ಪ್ರಿಂಗಿನ ಬಿಗಿ ಹೆಚ್ಚಿಸಿದರೆ ಮಡಿಕೆ ಏನಾಗುತ್ತದೆ, ಬೆಳವಣಿಗೆಯನ್ನು ಒಂದೇ ಬದಿಗೆ ಸೀಮಿತಗೊಳಿಸಿದರೆ ಏನಾಗುತ್ತದೆ ಎಂದು ಹದಿನೆಂಟರ ಹುಡುಗಿಯೊಬ್ಬಳು ಒಂದು ಮಧ್ಯಾಹ್ನದಲ್ಲಿ ಪರೀಕ್ಷಿಸಿ ನೋಡಬಹುದು.

ಇದೆಲ್ಲ ಅಲಂಕಾರ, ಕಟ್ಟಡಕ್ಕೆ ಉಪಯೋಗವೇನು ಎಂದು ಕೇಳುವವರೂ ಉಂಟು. ಅಲಂಕಾರ ತುಚ್ಛವೆಂದು ನಾನು ಒಪ್ಪುವುದಿಲ್ಲ. ಅಮೆರಿಕದ ನರ್ವಸ್ ಸಿಸ್ಟಮ್ ಎಂಬ ಸ್ಟುಡಿಯೊ ಹೂವಿನ ಅಂಚು ಬೆಳೆಯುವ ಬಗೆಯನ್ನೇ ಅನುಸರಿಸಿ ಆಭರಣ ಮಾಡಿದೆ. ಅದನ್ನು ಬಿಟ್ಟರೂ, ಮುಟ್ಟದ ಗೆರೆಗೆ ಗಟ್ಟಿಯಾದ ಒಂದು ಗುಣವಿದೆ. ತನ್ನನ್ನು ತಾನು ದಾಟದ ಮುಚ್ಚಿದ ಗೆರೆ ಎಷ್ಟೇ ಸಿಕ್ಕುಸಿಕ್ಕಾಗಿದ್ದರೂ ಸಮತಲವನ್ನು ಎರಡೇ ಭಾಗ ಮಾಡುತ್ತದೆ, ಒಂದು ಒಳಗು, ಒಂದು ಹೊರಗು. ಇದು ಫ್ರಾನ್ಸಿನ ಗಣಿತಜ್ಞ ಕಮೀಲ್ ಜೋರ್ಡಾನ್ ಹೆಸರಿನ ಪ್ರಮೇಯ. ಯಾವುದೋ ಚುಕ್ಕಿ ಒಳಗಿದೆಯೇ ಎಂದು ತಿಳಿಯಲು ಅಲ್ಲಿಂದ ಹೊರಕ್ಕೆ ನೇರ ಗೆರೆ ಎಳೆದು ಎಷ್ಟು ಸಲ ಅಂಚನ್ನು ದಾಟಿತೆಂದು ಎಣಿಸಿದರಾಯಿತು. ಬೆಸವಾದರೆ ಒಳಗೆ, ಸಮವಾದರೆ ಹೊರಗೆ. ಲೇಸರ್ ಕತ್ತರಿಗೆ, ಮೂರು ಆಯಾಮದ ಮುದ್ರಕದ ಮೂತಿಗೆ ಇಂಥ ಗೆರೆ ಅನುಕೂಲ: ಎತ್ತದೆ, ಹಿಂದೆ ಹೋದ ದಾರಿಯನ್ನು ತುಳಿಯದೆ ಸಾಗಬಹುದಾದ ಒಂದೇ ದಾರಿ. ಒಂದೇ ಕಡೆ ಗೆರೆ ದಾಟಿದರೂ ಒಳಗು ಹೊರಗುಗಳ ಲೆಕ್ಕ ಕೆಡುತ್ತದೆ.

ಕೃತಕ ಬುದ್ಧಿಮತ್ತೆ ಇಂಥ ಚಿತ್ರವನ್ನು ಗಳಿಗೆಯಲ್ಲಿ ಕೊಡುವಾಗ ಇಷ್ಟು ಕಷ್ಟವೇಕೆ ಎಂಬುದು ಈಚಿನ ಪ್ರಶ್ನೆ. ಅದು ಕೊಡುವುದು ಚಿತ್ರವನ್ನು, ಗೆರೆಯನ್ನಲ್ಲ. ಆ ಚಿತ್ರದಲ್ಲಿ ಹಿಂದಿನ ಹೆಜ್ಜೆ ಇಲ್ಲ. ಒಂದು ಅಳತೆ ಬದಲಿಸಿ ಏನಾಗುತ್ತದೆಂದು ಕೇಳುವ ಜಾಗವೂ ಇಲ್ಲ. ಕೋಡನ್ನೂ ಅದೇ ಬರೆದುಕೊಡುತ್ತದೆ ಎನ್ನಬಹುದು, ಬರೆಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಆ ಕೋಡಿನ ಗೆರೆ 800ನೇ ಹೆಜ್ಜೆಯಲ್ಲಿ ತನ್ನನ್ನು ತಾನು ದಾಟಿದಾಗ, ಕಾರಣ ಬಿಂದುಗಳ ಅಂತರದಲ್ಲಿದೆಯೋ ಜಿಗಿತದ ಅಳತೆಯಲ್ಲಿದೆಯೋ ಎಂದು ಹೇಳಬಲ್ಲವರು ಒಮ್ಮೆಯಾದರೂ ಅದನ್ನು ಕೈಯಾರೆ ಕಟ್ಟಿದವರು.

ಖರ್ಚಿನ ಮಾತು ನಿಜ. ರೈನೋ ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್. ಪರೀಕ್ಷಿಸಿ ನೋಡಲು 90 ದಿನಗಳ ಅವಕಾಶವಿದೆ, ಬಳಿಕ ವಿದ್ಯಾರ್ಥಿಗೂ ಅದು ಹೊರೆಯೇ. ಆದರೆ ಈ ವಿದ್ಯೆ ಒಂದು ಸಾಫ್ಟ್‌ವೇರಿನ ಸೊತ್ತಲ್ಲ. 2001ರಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಆರಂಭಿಸಿದ, ಕೋಡ್ ಬರೆದು ಚಿತ್ರ ಮಾಡುವ ಪ್ರೊಸೆಸಿಂಗ್ ಉಚಿತ. ಬ್ಲೆಂಡರ್ ಎಂಬ ಮೂರು ಆಯಾಮದ ಸಾಫ್ಟ್‌ವೇರ್ ಕೂಡ ಉಚಿತ, 2023ರ 3.6ನೇ ಆವೃತ್ತಿಯಿಂದ ಅದರಲ್ಲಿ ಹಿಂದಿನ ಹೆಜ್ಜೆಯ ಫಲವನ್ನು ಮುಂದಿನದಕ್ಕೆ ಒಯ್ಯುವ ಸಿಮ್ಯುಲೇಶನ್ ನೋಡ್‌ಗಳು ಸೇರಿವೆ, ಅಂದರೆ ಬೆಳವಣಿಗೆಗೆ ಬೇಕಾದ ಲೂಪ್ ಅಲ್ಲೇ ಇದೆ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕೆಲವು ನೂರು ಬಿಂದುಗಳ ಗೆರೆ ಸಲೀಸಾಗಿ ಓಡುತ್ತದೆ. ವಿನ್ಯಾಸ ಮತ್ತು ವಾಸ್ತುಶಿಲ್ಪ ಕಲಿಸುವ ಮೇಷ್ಟ್ರುಗಳಲ್ಲಿ ಒಂದೇ ಕೋರಿಕೆ: ಸಿದ್ಧ ಡೆಫಿನಿಷನ್ ಹಂಚಬೇಡಿ. ಖಾಲಿ ಕ್ಯಾನ್ವಾಸ್ ಕೊಡಿ, ಇಪ್ಪತ್ತು ಬಿಂದುಗಳ ವೃತ್ತದಿಂದ ಆರಂಭಿಸಲು ಹೇಳಿ, ಮತ್ತು ಅಂಕ ಕೊಡುವಾಗ ಕೊನೆಯ ಚಿತ್ರದ ಜೊತೆಗೆ ಗೆರೆ ಮೊದಲ ಸಲ ತನ್ನನ್ನು ದಾಟಿದ ಚಿತ್ರವನ್ನೂ, ಅದು ಏಕೆ ದಾಟಿತೆಂಬ ವಿವರಣೆಯನ್ನೂ ಕೇಳಿ.