ನಿಮಗಿದು ಗೊತ್ತೇ? ವೆಲ್ಡಿಂಗ್ ಮಷಿನ್‌ಗೆ ಪ್ಲಾಸ್ಮಾ ಟಾರ್ಚ್ ಹಚ್ಚಿದರೆ ಕಬ್ಬಿಣ ಕತ್ತರಿಸುತ್ತದೆಯೇ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ರೆಂಟೆ-ಕುಂಟೆ ರಿಪೇರಿಯಿಂದ ಹಿಡಿದು ಕಬ್ಬಿನ ಹಂಗಾಮಿಗೆ ಮುಂಚೆ ಟ್ರೇಲರ್‌ನ ತಳದ ತಗಡು ಬದಲಾಯಿಸುವವರೆಗೆ ಎಲ್ಲದಕ್ಕೂ ವೆಲ್ಡಿಂಗ್ ಅಂಗಡಿಯೇ ಗತಿ. ಅಲ್ಲಿನ ಹುಡುಗರಿಗೆ ಸಹಜವಾಗಿಯೇ ಒಂದು ಆಸೆ: "ಇದ್ದ ಮಷಿನ್‌ಗೇ ಪ್ಲಾಸ್ಮಾ ಟಾರ್ಚ್ ಹಚ್ಚಿದ್ರ ನಡೀತದೇನ್ರಿ?" ನಡೆಯುವುದಿಲ್ಲ.

ಸೋಜಿಗವೆಂದರೆ, ವೆಲ್ಡಿಂಗ್ ಮಷಿನ್, ಪ್ಲಾಸ್ಮಾ ಕಟರ್ ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ! 160 ಆಂಪ್‌ನಲ್ಲಿ ರಾಡ್ ಉರಿಯುವಾಗ ವೋಲ್ಟೇಜ್ ಸುಮಾರು 26. ಅಂದರೆ 4,000 ವ್ಯಾಟ್‌ಗಿಂತ ತುಸು ಹೆಚ್ಚು. ಪ್ಲಾಸ್ಮಾ ಕಟರ್ 40 ಆಂಪ್‌ನಲ್ಲಿ ಸುಮಾರು 100 ವೋಲ್ಟ್‌ಗೆ ಉರಿಯುತ್ತದೆ; ಅದೂ 4,000 ವ್ಯಾಟ್. ನವಿಲುತೀರ್ಥ ಅಣೆಕಟ್ಟನ್ನು ನೆನೆಯಿರಿ. ವೋಲ್ಟ್ ಎಂದರೆ ನಿಂತ ನೀರಿನ ಎತ್ತರ, ಆಂಪ್ ಎಂದರೆ ಕಾಲುವೆಯಲ್ಲಿ ಹರಿಯುವ ನೀರು. ವೆಲ್ಡಿಂಗ್ ಮಷಿನ್‌ನಲ್ಲಿ ಹರಿವು ಬೇಕಾದಷ್ಟಿದೆ, ಎತ್ತರವಿಲ್ಲ.

ಆ ಎತ್ತರ ಯಾಕೆ ಬೇಕು? ಪ್ಲಾಸ್ಮಾ ಟಾರ್ಚ್‌ನ ತಾಮ್ರದ ನಾಜಲ್‌ನ ರಂಧ್ರ ಸುಮಾರು ಒಂದು ಮಿಲಿಮೀಟರ್. ಗಾಳಿಯ ರಭಸದಲ್ಲಿ ಆರ್ಕ್ ಅದರೊಳಗಿಂದ ಹಿಂಡಿಕೊಂಡು ಹೊರಬರಬೇಕು. ಅದನ್ನು ಹೊತ್ತಿಸಲು 250 ವೋಲ್ಟ್‌ಗೂ ಮೀರಿದ ಡಿಸಿ ಬೇಕು. ವೆಲ್ಡಿಂಗ್ ಮಷಿನ್ ರಾಡ್ ತಾಗಿಸುವ ಮುಂಚೆ ಕೊಡುವುದು 60ರಿಂದ 80 ವೋಲ್ಟ್ ಮಾತ್ರ. ಹಳೆಯ ಟ್ರಾನ್ಸ್‌ಫಾರ್ಮರ್ ಸೆಟ್‌ನಿಂದ ಬರುವುದಂತೂ ಎಸಿ.

ಮೂರ್ನಾಲ್ಕು ಮಷಿನ್ ಸರಣಿಯಲ್ಲಿ ಜೋಡಿಸಿ ವೋಲ್ಟೇಜ್ ಏರಿಸುವವರೂ ಇದ್ದಾರೆ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ಆ ವೋಲ್ಟೇಜ್ ಮುಟ್ಟಿದರೆ ಜೀವ ಹೋಗುತ್ತದೆ. ವೆಲ್ಡಿಂಗ್ ಹೋಲ್ಡರ್, ಕೇಬಲ್ ಯಾವುದೂ ಅದಕ್ಕಾಗಿ ಮಾಡಿದ್ದಲ್ಲ. ಪ್ಲಾಸ್ಮಾ ಟಾರ್ಚ್‌ನ ಮುಂದಿನ ಕಪ್ ಬಿಚ್ಚಿದರೆ ಕರೆಂಟ್ ತಾನಾಗಿಯೇ ಕಡಿಯುವ ವ್ಯವಸ್ಥೆ ಇರುವುದು ಈ ಭಯಕ್ಕೇ. ಇನ್ನು 230 ವೋಲ್ಟ್‌ನ ಇನ್ವರ್ಟರ್ ಮಷಿನ್‌ನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ನಷ್ಟು ಉಳಿದಿರಬಹುದು.

ಇಷ್ಟಾದರೂ ಪ್ಲಾಸ್ಮಾದ ಮೇಲೆ ಆಸೆ ಯಾಕೆ? ಗ್ಯಾಸ್ ಕಟರ್ ಕಬ್ಬಿಣವನ್ನು ಬರೀ ಕರಗಿಸುವುದಿಲ್ಲ, ಆಕ್ಸಿಜನ್‌ನಲ್ಲಿ ಸುಡುತ್ತದೆ. ಹಾಗಾಗಿಯೇ ಸ್ಟೇನ್‌ಲೆಸ್ ಸ್ಟೀಲ್ ಮುಂದೆ ಅದರ ಆಟ ನಡೆಯದು. ಪ್ಲಾಸ್ಮಾಕ್ಕೆ ಸ್ಟೇನ್‌ಲೆಸ್, ಅಲ್ಯೂಮಿನಿಯಂ ಎಂಬ ಭೇದವಿಲ್ಲ. ವಿದ್ಯುತ್ ಹರಿಯುವ ಲೋಹವಾದರೆ ಸಾಕು. ತೆಳುವಾದ ತಗಡು ಸೊಟ್ಟಗಾಗುವುದೂ ಕಡಿಮೆ. ಟಾರ್ಚ್ ಇಟ್ಟ ಕ್ಷಣ ಕಿಡಿ ಮೇಲಕ್ಕೆ, ಮುಖದತ್ತ ಸಿಡಿಯುತ್ತದೆ. ತಗಡು ತೂತಾದ ಕೂಡಲೇ ಕಿಡಿಯೆಲ್ಲ ಕೆಳಗೆ ಸುರಿಯತೊಡಗುತ್ತದೆ. ಆಮೇಲೆಯೇ ಕೈ ಮುಂದೆ ಸರಿಸಬೇಕು.

ಪ್ಲಾಸ್ಮಾದಿಂದ ಕತ್ತರಿಸುವ ವಿಧಾನ 1950ರ ದಶಕದ್ದು. ಅಮೆರಿಕದ ಯೂನಿಯನ್ ಕಾರ್ಬೈಡ್‌ನ ರಾಬರ್ಟ್ ಗೇಜ್ ಅವರ ಪ್ಲಾಸ್ಮಾ ಟಾರ್ಚ್‌ಗೆ 1957ರಲ್ಲಿ ಪೇಟೆಂಟ್ ಸಿಕ್ಕಿತು.

ಟಾರ್ಚ್‌ನ ಎಲೆಕ್ಟ್ರೋಡ್‌ಗೆ ಟಂಗ್‌ಸ್ಟನ್ ಬಳಸಿದರೆ ಗಾಳಿಯಲ್ಲಿ ಅದು ಬೇಗ ಸುಟ್ಟುಹೋಗುತ್ತದೆ. ಅದಕ್ಕೇ ಪ್ಲಾಸ್ಮಾ ಎಲೆಕ್ಟ್ರೋಡ್‌ನ ತುದಿಯಲ್ಲಿ ಹಾಫ್ನಿಯಂ ಎಂಬ ಲೋಹದ ಚಿಕ್ಕ ಗುಂಡು. ಗಾಳಿಯಲ್ಲಿ ತೇವವಿದ್ದರೆ ಅದೂ ಬೇಗ ಸವೆಯುತ್ತದೆ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾ ಬಿಡಿ.

ಇದ್ದ ಮಷಿನ್‌ನಲ್ಲೇ ಕತ್ತರಿಸಬೇಕೆಂದರೆ ಒಂದು ದಾರಿಯಿದೆ: ಕಾರ್ಬನ್ ಗೌಜಿಂಗ್. ತಾಮ್ರ ಲೇಪಿಸಿದ ಕಾರ್ಬನ್ ರಾಡ್ ಲೋಹವನ್ನು ಕರಗಿಸುತ್ತದೆ, ಕಂಪ್ರೆಸರ್ ಗಾಳಿ ಅದನ್ನು ಊದಿ ಹಾಕುತ್ತದೆ. ಅಂಚು ಒರಟು, ಸದ್ದು ಕಿವಿಗಡಚಿಕ್ಕುವಂಥದ್ದು, ಆಂಪ್ ಜಾಸ್ತಿ ಕೊಡುವ ಡಿಸಿ ಮಷಿನ್ ಬೇಕು. ಆದರೂ ಹಳೆಯ ವೆಲ್ಡ್ ಕೆತ್ತಿ ತೆಗೆಯಲು ಇದು ಬಹಳ ಒಳ್ಳೆಯದು.

ನೀಟಾದ ಕಟಿಂಗ್ ಬೇಕೆನ್ನುವವರು ಪ್ಲಾಸ್ಮಾ ಕಟರ್ ಅನ್ನೇ ಕೊಳ್ಳಿ, ಇಲ್ಲವೇ ಕಾರ್ಖಾನೆಯಲ್ಲೇ ವೆಲ್ಡಿಂಗ್-ಕಟಿಂಗ್ ಎರಡಕ್ಕೂ ಮಾಡಿದ ಮಷಿನ್ ತನ್ನಿ. ವೆಲ್ಡಿಂಗ್ ಮಷಿನ್‌ನ ಮುಚ್ಚಳ ಮಾತ್ರ ಬಿಚ್ಚಬೇಡಿ.