ಒಂದು ಜಾಜ್ ತಟ್ಟೆಯಲ್ಲಿ ಅಡಗಿದ ಪ್ರಾರ್ಥನೆ

ಜಾಜ್ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಬರುವುದು ದೊಡ್ಡ ಹೋಟೆಲುಗಳ ಕುಣಿತ, ಬಣ್ಣದ ದೀಪ, ತುತ್ತೂರಿಯ ಗದ್ದಲ. ಇದು ಆ ಸಂಗೀತದ ಒಂದು ಮುಖ. ಅಮೆರಿಕದ ಕಪ್ಪು ಜನರ ಬಾಳಿನಿಂದ ಹುಟ್ಟಿ ಬಂದ ಜಾಜ್‌ಗೆ ಅವರ ಇಗರ್ಜಿಗಳ ಹಾಡು ಮತ್ತು ಉಪದೇಶದ ಬೇರೂ ಉಂಟು. ಆ ಬೇರಿನ ಪರಿಚಯವಾಗಬೇಕಾದರೆ ಕೇಳಬೇಕಾದ ಒಂದು ಧ್ವನಿಮುದ್ರಿಕೆಯ ವಿಚಾರವನ್ನು ಈ ಸಲ ವಾಚಕರ ಮುಂದೆ ಇಡುತ್ತೇವೆ. ಅದರ ಹೆಸರು ‘ಎ ಲವ್ ಸುಪ್ರೀಮ್’. ‘ಪರಮ ಪ್ರೇಮ’ ಎಂದು ನಾವು ಅದನ್ನು ಕರೆಯಬಹುದು. ಅದನ್ನು ರಚಿಸಿ ನುಡಿಸಿದವರು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್.

ಕೋಲ್ಟ್ರೇನ್ ಅವರು ೧೯೨೬ರಲ್ಲಿ ಉತ್ತರ ಕ್ಯಾರೊಲಿನಾದ ಹ್ಯಾಮ್ಲೆಟ್ ಎಂಬ ಊರಿನಲ್ಲಿ ಜನಿಸಿದರು. ಅವರ ಅಜ್ಜಂದಿರಿಬ್ಬರೂ ಪಾದ್ರಿಗಳು. ಆದರೆ ತರುಣ ವಾದಕನನ್ನು ಹೆರಾಯಿನ್ ಮತ್ತು ಮದ್ಯದ ಚಟ ಹಿಡಿಯಿತು. ೧೯೫೭ರಲ್ಲಿ ಪ್ರಸಿದ್ಧ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರು ಈ ಕಾರಣದಿಂದ ಕೋಲ್ಟ್ರೇನರನ್ನು ತಮ್ಮ ಮೇಳದಿಂದ ತೆಗೆದುಹಾಕಿದರು. ಅದೇ ವರ್ಷ ಕೋಲ್ಟ್ರೇನ್ ಚಟವನ್ನು ಕಿತ್ತೊಗೆದು ಮೇಲೆದ್ದರು. ದೇವರ ಕೃಪೆಯಿಂದ ಆಗ ತಮಗೆ ಹೊಸ ಬಾಳು ದೊರೆಯಿತೆಂದೂ, ಈ ಕೃತಿ ಅವನಿಗೆ ಸಲ್ಲಿಸುವ ಕಾಣಿಕೆಯೆಂದೂ ಅವರೇ ತಟ್ಟೆಯ ಹೊದಿಕೆಯಲ್ಲಿ ಬರೆದಿದ್ದಾರೆ.

೧೯೬೪ರ ಡಿಸೆಂಬರ್ ೯ರಂದು ನ್ಯೂಜರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಈ ಕೃತಿಯ ಮುದ್ರಣ ನಡೆಯಿತು. ಪಿಯಾನೊ ನುಡಿಸಿದವರು ಮೆಕಾಯ್ ಟೈನರ್. ಬಾಸ್, ಜಿಮ್ಮಿ ಗ್ಯಾರಿಸನ್. ಡ್ರಮ್, ಎಲ್ವಿನ್ ಜೋನ್ಸ್. ಒಟ್ಟು ಸುಮಾರು ೩೩ ನಿಮಿಷಗಳ ಈ ಕೃತಿಗೆ ನಾಲ್ಕು ಭಾಗಗಳು. ಅವುಗಳ ಹೆಸರುಗಳನ್ನು ಅಂಗೀಕಾರ, ಸಂಕಲ್ಪ, ಅನ್ವೇಷಣೆ, ಸ್ತೋತ್ರ ಎಂದು ಕನ್ನಡಿಸಬಹುದು.

ಮೊದಲನೆಯ ಭಾಗದಲ್ಲಿ ಬಾಸ್ ವಾದ್ಯವು ನಾಲ್ಕು ಸ್ವರಗಳ ಒಂದು ಪುಟ್ಟ ಸಂಚಾರವನ್ನು ಹಿಡಿದು ಮತ್ತೆ ಮತ್ತೆ ನುಡಿಸುತ್ತದೆ. ಮುಂದೆ ಕೋಲ್ಟ್ರೇನ್ ಅದನ್ನು ಎತ್ತಿಕೊಂಡು, ಆಧಾರ ಸ್ವರವನ್ನು ಬದಲಿಸುತ್ತ ಬದಲಿಸುತ್ತ, ಹನ್ನೆರಡು ಸ್ವರಸ್ಥಾನಗಳಲ್ಲೂ ಸುತ್ತಿಸಿ ತರುತ್ತಾರೆ. ದೇವರಿಲ್ಲದ ಎಡೆಯಿಲ್ಲ ಎಂಬ ಭಾವವನ್ನು ಇದರಲ್ಲಿ ಕಂಡವರುಂಟು. ಆಮೇಲೆ ವಾದ್ಯವನ್ನು ಬಿಟ್ಟು, ಕೃತಿಯ ಹೆಸರನ್ನು ತಮ್ಮ ಕಂಠದಿಂದಲೇ ಜಪದಂತೆ ಹೇಳತೊಡಗುತ್ತಾರೆ. ಹೆಸರಿನ ಉಚ್ಚಾರದಲ್ಲಿ ನಾಲ್ಕು ತುಣುಕುಗಳು. ಸಂಚಾರದಲ್ಲಿ ನಾಲ್ಕು ಸ್ವರಗಳು. ಇಷ್ಟು ಹೊತ್ತೂ ನಾವು ಕೇಳುತ್ತಿದ್ದುದು ಮಾತನ್ನೇ ಎಂಬುದು ಆಗ ಹೊಳೆಯುತ್ತದೆ.

ನಾಲ್ಕನೆಯ ಭಾಗವಾದ ‘ಸ್ತೋತ್ರ’ದಲ್ಲಿ ಈ ಉಪಾಯವು ಪೂರ್ಣವಾಗುತ್ತದೆ. ಇಲ್ಲಿ ತಾಳದ ಎಣಿಕೆಯಿಲ್ಲ. ಹಿಂದೆ ಡ್ರಮ್ಮಿನ ಗುಡುಗು, ಮುಂದೆ ಸ್ಯಾಕ್ಸೊಫೋನಿನ ನಿಧಾನವಾದ ನಡೆ. ಹಾಡುವವರು ಯಾರೂ ಇಲ್ಲ. ಆದರೆ ಕೋಲ್ಟ್ರೇನ್ ಅವರು ಬರೆದ ಕೃತಜ್ಞತೆಯ ಕವನವೊಂದು ತಟ್ಟೆಯ ಹೊದಿಕೆಯಲ್ಲಿ ಅಚ್ಚಾಗಿದೆ. ಆ ಕವನವನ್ನು ಕೈಯಲ್ಲಿ ಹಿಡಿದು ಕೇಳಿದರೆ, ವಾದ್ಯವು ಅದನ್ನು ನುಡಿ ನುಡಿಯಾಗಿ ಓದುತ್ತಿರುವುದು ತಿಳಿಯುತ್ತದೆ. ಸಂಗೀತ ವಿದ್ವಾಂಸ ಲೂಯಿಸ್ ಪೋರ್ಟರ್ ಅವರು ಕವನವನ್ನೂ ಸ್ವರಗಳನ್ನೂ ಜೊತೆಗಿಟ್ಟು ಇದನ್ನು ಬಿಡಿಸಿ ತೋರಿಸಿದರು. ಸಾಲು ಮುಗಿದಲ್ಲಿ ಸ್ವರ ಇಳಿಯುತ್ತದೆ, ಮೊರೆಯಿಡುವಲ್ಲಿ ಏರುತ್ತದೆ. ಕಪ್ಪು ಪಾದ್ರಿಗಳ ಉಪದೇಶದ ಧಾಟಿಯೇ ಅದು.

ನಮ್ಮವರಿಗೆ ಇದು ತೀರ ಹೊಸದಲ್ಲ. ಪುರಂದರದಾಸರ ಪದವೊಂದನ್ನು ಕೊಳಲಿನಲ್ಲಿಯೋ ವೀಣೆಯಲ್ಲಿಯೋ ನುಡಿಸುವಾಗ ವಾದಕನು ಸಾಹಿತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ನುಡಿಸುತ್ತಾನೆ. ಬಲ್ಲವನ ಕಿವಿಗೆ ಪದದ ಮಾತು ತಾನಾಗಿ ಕೇಳುತ್ತದೆ. ಕೋಲ್ಟ್ರೇನರಿಗೆ ನಮ್ಮ ಸಂಗೀತದಲ್ಲಿ ಆದರವಿತ್ತು. ೧೯೬೫ರಲ್ಲಿ ಹುಟ್ಟಿದ ಮಗನಿಗೆ ಪಂಡಿತ ರವಿಶಂಕರರ ನೆನಪಿನಲ್ಲಿ ರವಿ ಎಂದೇ ಹೆಸರಿಟ್ಟರು.

ತಟ್ಟೆಯು ೧೯೬೫ರ ಆರಂಭದಲ್ಲಿ ಹೊರಬಂದಿತು. ಕೋಲ್ಟ್ರೇನ್ ೧೯೬೭ರ ಜುಲೈ ೧೭ರಂದು, ನಲವತ್ತನೆಯ ವಯಸ್ಸಿನಲ್ಲಿ, ಯಕೃತ್ತಿನ ಅರ್ಬುದದಿಂದ ತೀರಿಕೊಂಡರು. ಅವರು ಈ ಕೃತಿಯನ್ನು ಸಭೆಯಲ್ಲಿ ಪೂರ್ಣವಾಗಿ ನುಡಿಸಿದ ಮುದ್ರಣಗಳು ಬಲು ವಿರಳ. ೧೯೬೫ರಲ್ಲಿ ಸಿಯಾಟಲ್‌ನಲ್ಲಿ ನುಡಿಸಿದ್ದು ೨೦೨೧ರಲ್ಲಷ್ಟೇ ಪ್ರಕಟವಾಯಿತು. ಇಷ್ಟು ವರ್ಷಗಳಾದ ಮೇಲೂ ಆ ೩೩ ನಿಮಿಷಗಳ ಮೊದಲ ಮುದ್ರಣ ಕೇಳುವವರ ಗಂಟಲನ್ನು ಕಟ್ಟಿಸುವುದೇಕೆ? ನಮಗೆ ತೋರುವ ಉತ್ತರವಿದು: ಅದು ಸಭಿಕರನ್ನು ಮೆಚ್ಚಿಸಲು ಹೊರಟ ಸಂಗೀತವಲ್ಲ. ಬಾವಿಗೆ ಬಿದ್ದು ಮೇಲೆ ಬಂದವನೊಬ್ಬನು, ತನ್ನ ಕೈಹಿಡಿದು ಎತ್ತಿದವನಿಗೆ ವಂದನೆ ಹೇಳುತ್ತಿದ್ದಾನೆ. ನಾವು ಬಾಗಿಲಾಚೆ ನಿಂತು ಕೇಳುತ್ತೇವೆ. ಅವನ ಭಾಷೆ ಬಾರದಿದ್ದರೂ, ಅವನ ದೇವರು ನಮ್ಮ ದೇವರಲ್ಲದಿದ್ದರೂ, ಕೃತಜ್ಞತೆಯ ಧ್ವನಿಯನ್ನು ಗುರುತಿಸಲು ಯಾರಿಗೂ ಕಷ್ಟವಿಲ್ಲ.

ಈಗ ಈ ಮುದ್ರಿಕೆಯನ್ನು ಹುಡುಕಿ ಅಲೆಯಬೇಕಾಗಿಲ್ಲ; ಕೈಯಲ್ಲಿರುವ ಮೊಬೈಲಿನಲ್ಲೇ ಕೇಳಬಹುದು. ಆದರೆ ಮಾತುಕತೆಯ ನಡುವೆ ಕೇಳಬೇಡಿರಿ. ರಾತ್ರಿ ಊಟವಾದ ಮೇಲೆ ಒಮ್ಮೆ ಇಡಿಯಾಗಿ ಕೇಳಿರಿ. ಮೊದಲ ಸಲ ಎರಡನೆಯ, ಮೂರನೆಯ ಭಾಗಗಳ ರಭಸ ಕಿವಿಗೆ ಒರಟೆನಿಸಿದರೆ ಎದ್ದುಹೋಗಬೇಡಿರಿ. ಮರುದಿನ ಕವನವನ್ನು ಓದಿಕೊಂಡು ಕೊನೆಯ ಭಾಗವನ್ನು ಮಾತ್ರ ಮತ್ತೊಮ್ಮೆ ಕೇಳಿರಿ.