ಮೂರು ನದಿಗಳ ಹೆಸರು ಬರೆದು ನೋಡಿ

ಬಿಡುಗಡೆಗೆ ಮೊದಲೇ ಲಿನಕ್ಸನ್ನು ಒರೆಗೆ ಹಚ್ಚುವ ಸ್ವಯಂಸೇವಕರ ಕೆಲಸ ಎಂಥದು? ಗೋಕಾಕ ಸೀಮೆಯ ಕನ್ನಡಿಗರಿಗೂ ಅದರಲ್ಲಿ ಪಾಲಿದೆ.

ಕೊಣ್ಣೂರ. ಗೋಕಾಕದ ಹತ್ತಿರದ ಈ ಊರಿನ ಹೆಸರು ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿನ ಒಳಗೆ ಅದು ಏಳು ಯೂನಿಕೋಡ್ ಸಂಕೇತಗಳ ಸಾಲು: ಕ, ಒತ್ವ, ಣ, ಅರ್ಧಾಕ್ಷರದ ಗುರುತು, ಮತ್ತೊಂದು ಣ, ಕೊಂಬಿನಿಳಿ, ರ. ಎರಡನೇ ಣ ಒತ್ತಾಗಿ ಕೆಳಗಿಳಿಯಬೇಕು. ಅದರ ನಂತರ ಒತ್ತಿದ ಕೊಂಬಿನಿಳಿ ಅದನ್ನು ದಾಟಿ ಮೇಲಿನ ಣಕಾರಕ್ಕೆ ಕೂಡಬೇಕು. ಫಾಂಟಿನಲ್ಲೋ ಅಕ್ಷರ ಜೋಡಿಸುವ ತಂತ್ರಾಂಶದಲ್ಲೋ ಸಣ್ಣ ತಪ್ಪಾದರೆ ಒತ್ತು ಪಕ್ಕಕ್ಕೆ ಜರುಗುತ್ತದೆ, ಇಲ್ಲವೆ ಚುಕ್ಕೆಗಳ ಪುಟ್ಟ ವೃತ್ತವೊಂದು ಊರಿನ ಹೆಸರಿನ ನಡುವೆ ಬಂದು ಕೂರುತ್ತದೆ.

ಕನ್ನಡ ಬಾರದ ಪ್ರೋಗ್ರಾಮರ್ ಎಷ್ಟೇ ಜಾಣರಿರಲಿ, ಇದು ತಪ್ಪೆಂದು ಅವರಿಗೆ ತಿಳಿಯುವುದಿಲ್ಲ. ಕನ್ನಡ ಓದಬಲ್ಲವರೇ ನೋಡಿ ಹೇಳಬೇಕು, ಅದೂ ಬಿಡುಗಡೆಗೆ ಮೊದಲೇ ಹೇಳಬೇಕು.

ಒಂದು ಪ್ರಯೋಗಾಲಯಕ್ಕೆ ಆಗದ ಕೆಲಸ

ಗೋಕಾಕ ಫಾಲ್ಸಿನ ನೂಲಿನ ಗಿರಣಿ ಕೊಣ್ಣೂರಿಗೆ ನೆರೆಯದು. ನೂಲಿನ ಗುಣ ನೋಡುವ ಹಳೆಯ ಕ್ರಮವೊಂದಿದೆ. ಒಂದೂವರೆ ಗಜ ಸುತ್ತಳತೆಯ ರಾಟೆಗೆ 80 ಸುತ್ತು ಸುತ್ತಿ 120 ಗಜದ ಒಂದು ‘ಲೀ’ ತೆಗೆಯುತ್ತಾರೆ. ತೂಗಿದರೆ ನೂಲು ಎಷ್ಟು ಸಣ್ಣದೆಂಬ ಕೌಂಟು ತಿಳಿಯುತ್ತದೆ, ಹರಿಯುವವರೆಗೆ ಎಳೆದರೆ ಗಟ್ಟಿತನ ತಿಳಿಯುತ್ತದೆ. ಅಂಥ ಕೆಲವು ಮಾದರಿಗಳು ಇಡೀ ರಾಶಿಯ ಗುಣ ಹೇಳುತ್ತವೆ.

ಆಪರೇಟಿಂಗ್ ಸಿಸ್ಟಮ್ಮಿಗೆ ಈ ಲೆಕ್ಕ ಸಾಲದು. ಅದು ಓಡಬೇಕಾದ ಯಂತ್ರಗಳು ಒಂದರಂತೆ ಒಂದಿಲ್ಲ. ವೈಫೈ ಚಿಪ್ ಬೇರೆ, ಪ್ರಿಂಟರ್ ಬೇರೆ, ಬಳಸುವ ಭಾಷೆ ಬೇರೆ. ಇಷ್ಟೆಲ್ಲ ಬಗೆಯ ಯಂತ್ರಗಳನ್ನು ಒಂದೇ ಪ್ರಯೋಗಾಲಯದಲ್ಲಿ ಕೂಡಿಹಾಕುವುದು ಯಾರಿಗೂ ಆಗದು. ಅದಕ್ಕೇ ಮುಕ್ತ ತಂತ್ರಾಂಶದ ಲೋಕ ಪರೀಕ್ಷೆಯನ್ನು ಬಳಕೆದಾರರ ಮನೆಗೇ ಒಯ್ದಿತು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಲಿನಕ್ಸ್ ಕರ್ನೆಲ್ ಹೊರತಂದರು. ಅದರ ಮೇಲೆ ನಿಂತ ಪೂರ್ಣ ಆಪರೇಟಿಂಗ್ ಸಿಸ್ಟಮ್ ಡೆಬಿಯನ್ನನ್ನು ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದರು. ಅಂಥವೇ ಆದ ಫೆಡೋರಾ 2003ರಲ್ಲಿ, ಉಬುಂಟು 2004ರಲ್ಲಿ ಬಂದವು. ಎಲ್ಲವೂ ಬಿಡುಗಡೆಗೆ ಮೊದಲು ಪರೀಕ್ಷೆಯ ಪ್ರತಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡುತ್ತವೆ.

ಡೆಬಿಯನ್ನಿನ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರು. ಹೊಸ ತಂತ್ರಾಂಶ ಮೊದಲು ಬರುವ ವಿಭಾಗಕ್ಕೆ ಆ ಸಿನಿಮಾದಲ್ಲಿ ಆಟಿಕೆ ಮುರಿಯುವ ಹುಡುಗ ಸಿಡ್‌ನ ಹೆಸರನ್ನೇ ಇಟ್ಟಿದ್ದಾರೆ. ಕಟ್ಟಿಗೆಯ ಬಣ್ಣದ ಗೊಂಬೆಗಳಿಗೆ ಹೆಸರಾದ ಗೋಕಾಕದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಆಟಿಕೆ ಎಷ್ಟು ಗಟ್ಟಿ ಎಂದು ತಿಳಿಯುವುದು ಮಗುವಿನ ಕೈಗೆ ಕೊಟ್ಟಾಗಲೇ. ಸಿಡ್‌ನಲ್ಲಿ ಕೆಲವು ದಿನ ಕಳೆದು, ಹೊಸ ಗಂಭೀರ ಬಗ್ (ದೋಷ) ಕಾಣದಿದ್ದರೆ ತಂತ್ರಾಂಶ ‘ಟೆಸ್ಟಿಂಗ್’ ವಿಭಾಗಕ್ಕೆ ದಾಟುತ್ತದೆ. ಆಮೇಲೆ ಹೊಸ ಬದಲಾವಣೆಗಳನ್ನು ತಡೆಹಿಡಿಯುವ ಫ್ರೀಜ್. ಬಿಡುಗಡೆಗೆ ಅಡ್ಡಿಯಾಗುವ ಬಗ್‌ಗಳನ್ನು ತಿದ್ದಿ ಮುಗಿಸಿದ ಮೇಲೆ ‘ಸ್ಟೇಬಲ್’. 2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ 13ರಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಹೆಚ್ಚುಕಡಿಮೆ ಎಲ್ಲವೂ ಈ ದಾರಿಯಲ್ಲೇ ನಡೆದು ಬಂದವು.

ಅರ್ಧ ಸೆಕೆಂಡಿನ ಅನುಮಾನ

ಬಿಡುಗಡೆಗೆ ಮುಂಚಿನ ಈ ಹಂತ ಎಷ್ಟು ಮುಖ್ಯ ಎಂದು ಜಗತ್ತಿಗೆ ಗೊತ್ತಾದದ್ದು 2024ರ ಮಾರ್ಚಿನಲ್ಲಿ. ಡೇಟಾಬೇಸ್ ಎಂಜಿನಿಯರ್ ಆಂಡ್ರೆಸ್ ಫ್ರೋಯಿಂಡ್ ಸಿಡ್ ಹಾಕಿದ ಯಂತ್ರದಲ್ಲಿ ತಮ್ಮ ಕೆಲಸದ ವೇಗ ಅಳೆಯುತ್ತಿದ್ದರು. ದೂರದಿಂದ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದು ಅವರ ಗಮನಕ್ಕೆ ಬಂತು. ಬೇರೆ ಯಾರಾದರೂ ಬಿಟ್ಟುಬಿಡಬಹುದಾಗಿದ್ದ ವಿಳಂಬ. ಅವರು ಬಿಡದೆ ಬೆನ್ನುಹತ್ತಿ ಕಾರಣ ಹುಡುಕಿದರು.

ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಸಾಮಾನ್ಯ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಅದನ್ನು ಸೇರಿಸಿದ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಸಹಾಯಕನಂತೆ ದುಡಿದು ನಂಬಿಕೆ ಗಳಿಸಿಕೊಂಡಿದ್ದ. ಮಾರ್ಚ್ 29ರಂದು ಫ್ರೋಯಿಂಡ್ ವಿಷಯವನ್ನು ಬಹಿರಂಗಪಡಿಸಿದರು. ಆ ಹೊತ್ತಿಗೆ ಆ ಆವೃತ್ತಿಗಳು ಡೆಬಿಯನ್ನಿನ ಪರೀಕ್ಷಾ ವಿಭಾಗಗಳಿಗೆ ಬಂದಿದ್ದವು, ಸ್ಟೇಬಲ್‌ಗೆ ಇನ್ನೂ ಬಂದಿರಲಿಲ್ಲ. ಲಕ್ಷಾಂತರ ಸರ್ವರುಗಳು ಉಳಿದುಕೊಂಡವು. ಕೋಡ್ ಎಲ್ಲರೆದುರೇ ತೆರೆದಿತ್ತು, ನಿಜ. ಆದರೆ ಮೋಸ ಬಯಲಾಗಲು ಹೊಸ ಆವೃತ್ತಿಯನ್ನು ದಿನವೂ ಬಳಸುವ ಒಬ್ಬರು ಬೇಕಾದರು.

ಮನೆಯಲ್ಲೇ ಪರೀಕ್ಷೆ

ಇಂಥ ಪರೀಕ್ಷೆಗೆ ಬೇಕಾದದ್ದು ಒಂದು ಪೆನ್‌ಡ್ರೈವ್ ಮತ್ತು ಒಂದು ಕಂಪ್ಯೂಟರ್, ಹಳೆಯದಾದರೂ ಆದೀತು. ಇಳಿಸಿಕೊಂಡ ಪರೀಕ್ಷಾ ಪ್ರತಿಯ ಐಎಸ್ಒ ಕಡತ ಪೂರ್ತಿ ಬಂದಿದೆಯೇ ಎಂದು ಅದರ ಚೆಕ್‌ಸಮ್ ತಾಳೆ ನೋಡಬೇಕು. ಅದು ಸಾಮಾನ್ಯವಾಗಿ 64 ಅಂಕಿ-ಅಕ್ಷರಗಳ ಸಾಲು; ಒಂದು ತಪ್ಪಿದರೂ ಆ ಪ್ರತಿ ಬೇಡ. ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಬೂಟ್ ಮಾಡಿ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಲೈವ್ ಆಗಿ ಓಡಿಸಿದರೆ ಹಾರ್ಡ್ ಡಿಸ್ಕಿನಲ್ಲಿರುವುದಕ್ಕೆ ಧಕ್ಕೆಯಿಲ್ಲ. ಇನ್‌ಸ್ಟಾಲ್ ಮಾಡಿ ನೋಡುವುದಾದರೆ ಖಾಲಿ ಯಂತ್ರವೇ ಇರಲಿ. ವೈಫೈ ಸಿಕ್ಕಿತೇ? ದನಿ ಬಂತೇ? ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಎಚ್ಚರವಾಯಿತೇ? ಪ್ರಿಂಟರ್ ಕಾಗದ ಎಳೆಯಿತೇ? ಒಂದೊಂದನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ ಕನ್ನಡ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮೂರು ನದಿಗಳ ಹೆಸರು ಬರೆದರೆ ಒಳ್ಳೆಯ ಪರೀಕ್ಷೆಯೇ ಆಗುತ್ತದೆ. ‘ಘಟಪ್ರಭಾ’ದಲ್ಲಿ ಪಕಾರದ ಕೆಳಗೆ ರಕಾರದ ಒತ್ತು ಸರಿಯಾಗಿ ಕೂರಬೇಕು. ‘ಮಾರ್ಕಂಡೇಯ’ದಲ್ಲಿ ರಕಾರವನ್ನು ಮೊದಲು ಒತ್ತಿದರೂ ಅದು ಅರ್ಕಾವೊತ್ತಾಗಿ ಕಕಾರದ ಬಲಕ್ಕೆ ಹೋಗಬೇಕು. ‘ಹಿರಣ್ಯಕೇಶಿ’ಯಲ್ಲಿ ಯಕಾರ ಒತ್ತಾಗಿ ಇಳಿಯಬೇಕು. ಇನ್ನೊಂದು ಪದ ‘ರ‍್ಯಾಂಕ್’. ಇಲ್ಲಿ ರಕಾರ ಅರ್ಕಾವೊತ್ತಾಗದೆ ಪೂರ್ಣವಾಗಿ ನಿಲ್ಲಬೇಕು. ಅದನ್ನು ಹಾಗೆ ನಿಲ್ಲಿಸುವುದು ಕಣ್ಣಿಗೆ ಕಾಣದ ಒಂದು ಸಂಕೇತ.

ಬರೆದ ಮೇಲೆ ಹುಡುಕಿ ನೋಡಿ. ಕೊಣ್ಣೂರಿನ ಒತ್ವವನ್ನು ಎತ್ವ ಮತ್ತು ಕೊಂಬಿನಿಳಿಯಾಗಿ ಬಿಡಿಸಿ ಬರೆಯುವುದನ್ನೂ ಯೂನಿಕೋಡ್ ಒಪ್ಪುತ್ತದೆ. ಆಗ ಊರಿನ ಹೆಸರು ಎಂಟು ಸಂಕೇತ. ಪರದೆಯ ಮೇಲೆ ಎರಡೂ ಒಂದೇ, ಹುಡುಕಿದಾಗಲೂ ಎರಡೂ ಸಿಗಬೇಕು.

ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರು ಕಾಣುತ್ತದೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸಕ್ಕೆ ಕನ್ನಡ ಗಣಕ ಪರಿಷತ್ತಿನಿಂದ ಬಂದ ಹೆಸರು ಅದು. ಲಿನಕ್ಸಿನಲ್ಲಿ ಮರಾಠಿ, ಹಿಂದಿ, ತೆಲುಗು, ಸಂಸ್ಕೃತಕ್ಕೂ ಅದೇ ಕಗಪ ಕ್ರಮ ಸಿಗುತ್ತದೆ. ಕನ್ನಡ, ಮರಾಠಿ ಎರಡನ್ನೂ ಆಡುವ ಬೆಳಗಾವಿ ಜಿಲ್ಲೆಯವರು ಒಂದೇ ಕೂರಿಕೆಯಲ್ಲಿ ಎರಡು ಭಾಷೆಗಳನ್ನು ಪರೀಕ್ಷಿಸಬಲ್ಲರು.

ಈ ಸವಲತ್ತುಗಳು ತಾವಾಗಿ ಬಂದವಲ್ಲ. ಡೆಬಿಯನ್ನಿನ ಇನ್‌ಸ್ಟಾಲರ್ ಮೊದಲು ಬರೀ ಪಠ್ಯದ ಪರದೆಯಾಗಿತ್ತು, ಅದರಲ್ಲಿ ಒತ್ತಕ್ಷರ ಜೋಡಿಸಲು ಆಗುತ್ತಿರಲಿಲ್ಲ. 2007ರ ಡೆಬಿಯನ್ 4.0ರಲ್ಲಿ ಚಿತ್ರರೂಪದ ಇನ್‌ಸ್ಟಾಲರ್ ಬಂದ ಮೇಲೆ ನಮ್ಮಂಥ ಲಿಪಿಗಳಿಗೆ ದಾರಿ ತೆರೆಯಿತು. ಇಂದು ಅದರಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು. ಲೋಹಿತ್, ಗುಬ್ಬಿ, ನವಿಲು ಫಾಂಟುಗಳೂ ಸಿಗುತ್ತವೆ. ಅನುವಾದಿಸಿದವರು, ಫಾಂಟು ಬಿಡಿಸಿದವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಅದು ಪ್ರತಿ ಬಿಡುಗಡೆಯಲ್ಲೂ ಕೆಡದೆ ಉಳಿಯುವಂತೆ ನೋಡಿಕೊಳ್ಳುವುದು ಬಳಸುವ ನಮ್ಮ ಪಾಲಿನದು.

ಒಳ್ಳೆಯ ವರದಿ ಎಂದರೆ

‘ಕನ್ನಡ ಸರಿ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಯಾರಿಗೂ ತಿದ್ದಲು ಆಗದು. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬ ಮೂರಕ್ಕೆ ಉತ್ತರ ಇರಬೇಕು. ಆವೃತ್ತಿ, ಯಂತ್ರದ ಮಾದರಿ, ಫಾಂಟಿನ ಹೆಸರು ಬೇಕು. ಕನ್ನಡದ ತಪ್ಪಾದರೆ ಪರದೆಯ ಚಿತ್ರದ ಜೊತೆಗೆ ಆ ಪದ ಸರಿಯಾಗಿ ಹೇಗಿರಬೇಕೆಂಬ ಚಿತ್ರವೂ ಬೇಕು, ಏಕೆಂದರೆ ತಿದ್ದುವವರಿಗೆ ನಮ್ಮ ಲಿಪಿ ಬರಲಿಕ್ಕಿಲ್ಲ. ಒಂದು ವರದಿಗೆ ಒಂದೇ ತಪ್ಪು. ಇನ್‌ಸ್ಟಾಲ್ ಸರಾಗವಾಗಿ ಆದರೂ ಡೆಬಿಯನ್ನಿನವರು ವರದಿ ಕೇಳುತ್ತಾರೆ. ಎಲ್ಲ ಸರಿಯಿದೆ ಎಂಬುದೂ ಅವರಿಗೆ ಬೇಕಾದ ಸುದ್ದಿಯೇ.

ಫೆಡೋರಾದಲ್ಲಿ ಬಿಡುಗಡೆಯ ಮುನ್ನ ‘ಗೋ, ನೋ-ಗೋ’ ಸಭೆ ನಡೆಯುತ್ತದೆ. ಬಿಡುಗಡೆಯನ್ನು ತಡೆಯುವಷ್ಟು ಗಂಭೀರವಾದ ಬಗ್ ಉಳಿದಿದ್ದರೆ ದಿನ ಮುಂದಕ್ಕೆ ಹೋಗುತ್ತದೆ. ಅಂಥ ಬಗ್ ಸೂಚಿಸಲು ಪದವಿ ಬೇಡ, ಹುದ್ದೆ ಬೇಡ. ಕೊಣ್ಣೂರಿನ ಕಾಲೇಜು ವಿದ್ಯಾರ್ಥಿ ಸೂಚಿಸಿದರೂ ಅದನ್ನು ಚರ್ಚೆಗೆ ಎತ್ತಿಕೊಳ್ಳುತ್ತಾರೆ.

ಉಬುಂಟು ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಬಿಡುಗಡೆಯಾಗುತ್ತದೆ, ಫೆಡೋರಾ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅವುಗಳ ಬೀಟಾ ಪ್ರತಿಗಳು ಸಾಮಾನ್ಯವಾಗಿ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಸಿಗುತ್ತವೆ. ಆ ತಿಂಗಳುಗಳ ಒಂದು ಭಾನುವಾರ ಪೆನ್‌ಡ್ರೈವ್ ಚುಚ್ಚಿ, ಭಾಷೆ ಕೇಳಿದಾಗ ಕನ್ನಡ ಆರಿಸಿ. ನಿಮ್ಮೂರಿನ ಹೆಸರು ಬರೆಯಿರಿ. ಸರಿ ಕಂಡರೆ ಸರಿಯೆಂದು, ತಪ್ಪಿದ್ದರೆ ತಪ್ಪೆಂದು ಅವರಿಗೆ ತಿಳಿಸಿ.